ಪಿಪಿಟಿ ಓಪನ್ ಆಗದ ದಿನ

"ಏನಮ್ಮಾ, ಬೆಂಗಳೂರಲ್ಲಿ ದೊಡ್ಡ ಕೆಲಸದಲ್ಲಿದ್ದೀಯಂತೆ. ಒಂದ್ಸಲ ಬಂದು ನಮ್ಮ ಟೆಂತ್ ಮಕ್ಕಳ ಜೊತೆ ಮಾತಾಡು."

ಮೇಷ್ಟ್ರು ಫೋನ್ ಮಾಡಿದಾಗ ನಾನು ಆಫೀಸಿನ ಡೆಸ್ಕಿನಲ್ಲಿ ಕೂತು ಊಟದ ಡಬ್ಬಿ ತೆಗೀತಿದ್ದೆ. ಹದಿನಾಲ್ಕು ವರ್ಷದ ಮೇಲೆ ಕೇಳಿದ ದನಿ. "ಖಂಡಿತ ಬರ್ತೀನಿ ಸಾರ್" ಅಂದೆ. ಫೋನಿಟ್ಟ ಮೇಲೆ ನೋಡಿದರೆ ಎದ್ದು ನಿಂತಿದ್ದೆ. ಪಕ್ಕದ ಡೆಸ್ಕಿನವಳು "ಯಾರು, ಸಿಇಒನಾ?" ಅಂತ ನಕ್ಕಳು.

ನಮ್ಮ ಮೇಷ್ಟ್ರಿಗೆ ಈ ಅತಿಥಿಗಳ ಹುಚ್ಚು ಮೊದಲಿಂದಲೂ ಇದೆ. ಅದಕ್ಕೊಂದು ಕಾರಣವನ್ನೂ ಅವರು ಕ್ಲಾಸಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಸಿ.ಎನ್.ಆರ್. ರಾವ್ ಬಸವನಗುಡಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಸಿ.ವಿ. ರಾಮನ್ ಅವರ ಶಾಲೆಗೆ ಬಂದು ಮಾತಾಡಿದ್ದರಂತೆ. ಆ ಭೇಟಿ ತಮ್ಮ ಮೇಲೆ ಮಾಡಿದ ಪರಿಣಾಮವನ್ನು ರಾವ್ ಅವರೇ ಹೇಳಿಕೊಂಡಿದ್ದಾರೆ. ರಾಮನ್‌ಗೆ 1954ರಲ್ಲಿ ಭಾರತರತ್ನ ಬಂತು, ಅವರ ಮಾತು ಕೇಳಿದ ಆ ಹುಡುಗನಿಗೆ 2014ರಲ್ಲಿ. "ನೋಡ್ರಪ್ಪಾ, ಎದುರಿಗೆ ಕೂತಿರೋನು ಯಾರು ಅಂತ ಮಾತಾಡೋನಿಗೂ ಗೊತ್ತಿರಲ್ಲ, ಕೂತಿರೋನಿಗೂ ಗೊತ್ತಿರಲ್ಲ" ಅಂತ ಮೇಷ್ಟ್ರು ಮುಗಿಸುತ್ತಿದ್ದರು. ನಾವು ಬೆಲ್ ಯಾವಾಗ ಹೊಡೀತಾರೆ ಅಂತ ನೋಡ್ತಿದ್ದೆವು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗಲೂ ಒಬ್ಬರು ಬಂದಿದ್ದರು. ದೊಡ್ಡ ಅಧಿಕಾರಿ. ಬೆಳಗ್ಗೆ ಹತ್ತಕ್ಕೆ ಬರಬೇಕಾದವರು ಹನ್ನೆರಡೂವರೆಗೆ ಬಂದರು. ಅಷ್ಟೂ ಹೊತ್ತು ನಾವು ಮೈದಾನದಲ್ಲಿ ಸಾಲಾಗಿ ಕೂತಿದ್ದೆವು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ದೊಡ್ಡ ಕನಸು ಕಾಣಿ, ಗುರಿ ಇಟ್ಟುಕೊಳ್ಳಿ, ಟಿವಿ ನೋಡಬೇಡಿ ಅಂದರು. ಕೊನೆಗೆ "ಡಾಕ್ಟರ್ ಆಗೋರು ಯಾರು, ಇಂಜಿನಿಯರ್ ಆಗೋರು ಯಾರು, ಎದ್ದು ನಿಲ್ಲಿ" ಅಂದರು. ಏಳೆಂಟು ಜನ ಎದ್ದರು. ನಾನು ಏಳಲಿಲ್ಲ. ಆಸೆ ಇರಲಿಲ್ಲ ಅಂತಲ್ಲ. ಎದ್ದು ನಿಂತ ಸುದ್ದಿ ಸಂಜೆಯೊಳಗೆ ಮನೆಗೆ ಮುಟ್ಟಿದರೆ ಅಪ್ಪ ಏನಂತಾರೋ ಅನ್ನೋ ಭಯ. ಅವರು ಹೇಳಿದ್ದರಲ್ಲಿ ಈಗ ನೆನಪಿರೋದು ಇಷ್ಟೇ. ಆವತ್ತು ಕೊಟ್ಟ ಬಿಸ್ಕತ್ ಪ್ಯಾಕೆಟ್ ಮಾತ್ರ ಚೆನ್ನಾಗಿ ನೆನಪಿದೆ.

ಹಾಗಾಗಿ ನಾನು ಮಾತ್ರ ಅವರ ಥರ ಮಾಡಬಾರದು ಅಂತ ಪಣ ತೊಟ್ಟೆ. ಒಂದು ವಾರ ರಾತ್ರಿ ಕೂತು 23 ಸ್ಲೈಡಿನ ಪಿಪಿಟಿ ಮಾಡಿದೆ. ನಮ್ಮ ಆಫೀಸ್ ಫೋಟೊ, ಆನ್‌ಸೈಟ್ ಹೋದಾಗ ಹಿಮದಲ್ಲಿ ನಿಂತ ಫೋಟೊ, 'ಹಳ್ಳಿಯಿಂದ ಟೆಕ್ ಪಾರ್ಕ್‌ವರೆಗೆ' ಅನ್ನೋ ಶೀರ್ಷಿಕೆ. ಎಚ್‌ಆರ್‌ನವರು ವಾಲಂಟಿಯರಿಂಗ್ ಲೀವ್ ಕೊಟ್ಟರು, ಜೊತೆಗೆ "ಮಕ್ಕಳ ಜೊತೆ ಒಂದು ಗ್ರೂಪ್ ಫೋಟೊ ಕಳಿಸಿ, ಕಂಪನಿ ಟೀಶರ್ಟ್ ಹಾಕ್ಕೊಳ್ಳಿ" ಅಂತ ಮೇಲ್ ಕೂಡ. ನಿಮ್ಮಲ್ಲೂ ಕೆಲವರಿಗೆ ಬಂದಿರಬೇಕು ಇಂಥ ಮೇಲ್.

ಹೊಸದುರ್ಗದಲ್ಲಿ ಬಸ್ಸಿಳಿದಾಗ ಕರ್ಕೊಂಡು ಹೋಗೋಕೆ ಬೈಕ್ ತಂದು ನಿಂತವನು ನನ್ನ ಕ್ಲಾಸ್‌ಮೇಟ್. ಹೆಸರು ಬರೀಬೇಡ, ಸೈಟ್ ಇಂಜಿನಿಯರ್ ಬೈತಾರೆ ಅಂದಿದ್ದಾನೆ, ಅದಕ್ಕೆ ಇಲ್ಲಿ ಬರೀ 'ಗೆಳೆಯ'. ಹೈಸ್ಕೂಲಿನಲ್ಲಿ ಕೊನೇ ಬೆಂಚು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ, ಜೂನ್‌ನಲ್ಲಿ ಮತ್ತೆ ಕಟ್ಟಿ ಪಾಸಾದವನು. ಆಮೇಲೆ ಏನಾದ ಅಂತ ನಾನು ವಿಚಾರಿಸಿರಲೇ ಇಲ್ಲ, ನಿಜ ಹೇಳಬೇಕು ಅಂದರೆ.

"ಏನ್ ಮಾಡ್ತಿದ್ದೀಯೋ ಈಗ?" ಅಂತ ಬೈಕಿನ ಹಿಂದೆ ಕೂತು ಕೂಗಿ ಕೇಳಿದೆ. ಆಷಾಢದ ಗಾಳಿ, ಮಾತು ಕೇಳಿಸೋದೇ ಕಷ್ಟ. ಅವನು ಹ್ಯಾಂಡಲ್ ಬಿಡದೆ ಗದ್ದ ಮಾತ್ರ ಎತ್ತಿ ಗುಡ್ಡದ ಕಡೆ ತೋರಿಸಿದ. ಗುಡ್ಡದ ಸಾಲಿನ ಮೇಲೆ ಬಿಳೀ ಫ್ಯಾನುಗಳು ತಿರುಗುತ್ತಿದ್ದವು. ನಮ್ಮ ಕಡೆ ವಿಂಡ್ ಟರ್ಬೈನ್ ಅಂತ ಯಾರೂ ಅನ್ನಲ್ಲ, ಫ್ಯಾನು ಅಂತಲೇ.

"ಅದ್ರ ಮೇಲೆ ಹತ್ತೋನು ನಾನೇ" ಅಂದ.

ಶಾಲೆಗೆ ಬಿಟ್ಟು ಹೊರಡ್ತೀನಿ ಅಂದವನನ್ನು ಮೇಷ್ಟ್ರು ಬಿಡಲಿಲ್ಲ. "ಗಾಳಿ ಇಷ್ಟು ಜೋರೈತೆ, ಇವತ್ತು ನೀನು ಹತ್ತಂಗಿಲ್ಲ ಅಂತ ನಂಗೊತ್ತು. ಕೂತ್ಕೋ" ಅಂತ ಹಿಂದೆ ಒಂದು ಕುರ್ಚಿ ಹಾಕಿಸಿದರು.

ನಾನು ಮೂರನೇ ಸ್ಲೈಡಿನಲ್ಲಿದ್ದಾಗ ಕರೆಂಟ್ ಹೋಯಿತು.

ಐದು ನಿಮಿಷ ಕಾದೆವು. ಹತ್ತು ನಿಮಿಷ ಕಾದೆವು. ಪರದೆ ಇಲ್ಲದೆ ಮಾತಾಡೋಣ ಅಂತ ಶುರು ಮಾಡಿದೆ. ಪರಿಶ್ರಮ ಬೇಕು, ಇಂಗ್ಲಿಷಿಗೆ ಹೆದರಬಾರದು, ಕನಸು ದೊಡ್ಡದಿರಬೇಕು. ನನ್ನ ಬಾಯಿಂದಲೇ ಆ ಅಧಿಕಾರಿಯ ಮಾತುಗಳು ಬರ್ತಿವೆ ಅಂತ ನನಗೇ ಕೇಳಿಸುತ್ತಿತ್ತು. ನಿಲ್ಲಿಸೋಕೂ ಆಗುತ್ತಿಲ್ಲ. ಎಂಬತ್ತು ಮಕ್ಕಳು ಬಾಯಿ ಮುಚ್ಚಿ, ಬಹಳ ಮರ್ಯಾದೆಯಿಂದ ಕೂತಿದ್ದರು. ಮಕ್ಕಳು ಅಷ್ಟು ಮರ್ಯಾದೆಯಿಂದ ಕೂತರೆ ನಮ್ಮ ಮಾತು ಅವರಿಗೆ ಮುಟ್ಟುತ್ತಿಲ್ಲ ಅಂತಲೇ ಅರ್ಥ.

ಆಗ ಕಿಟಕಿ ಪಕ್ಕದ ಒಬ್ಬ ಹುಡುಗ ಎದ್ದ. "ಮೇಡಂ, ಒಂದು ಡೌಟು. ಫ್ಯಾನು ಅಲ್ಲೇ ತಿರುಗ್ತಾ ಐತಲ್ಲ. ಮತ್ತೆ ನಮಗ್ಯಾಕೆ ಕರೆಂಟಿಲ್ಲ?"

ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ್ದೀನಿ, ಆದರೂ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಬರಲಿಲ್ಲ. ಹಿಂದೆ ಕೂತಿದ್ದ ಗೆಳೆಯನ ಕಡೆ ನೋಡಿದೆ.

ಅವನು ಎದ್ದು ನಿಂತ, ಮುಂದೆ ಬರಲಿಲ್ಲ. ನಿಂತಲ್ಲಿಂದಲೇ ಹೇಳಿದ. "ಅಲ್ಲಿ ಹುಟ್ಟೋ ಕರೆಂಟು ಸೀದಾ ನಿಮ್ಮ ಮನೆಗೆ ಬರಲ್ಲ ಕಣಪ್ಪಾ. ನಿಮ್ಮ ಮನೆಗೆ ಬೇಕಾಗಿರೋದು 230 ವೋಲ್ಟು. ಅಲ್ಲಿ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇಟ್ಟು 33 ಸಾವಿರಕ್ಕೆ ಏರಿಸಿ ಸಬ್‌ಸ್ಟೇಷನ್‌ಗೆ ಕಳಿಸ್ತೀವಿ. ಅಲ್ಲಿ ಎಲ್ಲ ಕಡೆಯ ಕರೆಂಟೂ ಒಂದೇ ಕೆರೆಗೆ ಬಿದ್ದಂಗೆ ಬೀಳ್ತೈತೆ. ಆ ಕೆರೆಯಿಂದ ನಿಮ್ಮ ಊರಿಗೆ ಒಂದು ಕಾಲುವೆ. ಈ ಗಾಳಿಗೆ ಎಲ್ಲೋ ಲೈನ್ ಮೇಲೆ ಕೊಂಬೆ ಬಿದ್ದಿರ್ತೈತೆ, ಕಾಲುವೆ ಕಟ್ಟಾಗೈತೆ. ಕೆರೇಲಿ ನೀರೈತೆ."

ಹಾಲಿನಲ್ಲಿ ಮೊದಲ ಸಲ ಗುಸುಗುಸು ಶುರುವಾಯಿತು. ಆಮೇಲೆ ಪ್ರಶ್ನೆ ನಿಲ್ಲಲೇ ಇಲ್ಲ. ಒಳಗೆ ಲಿಫ್ಟ್ ಐತಾ? (ಇವನು ಹತ್ತೋದರಲ್ಲಿ ಇಲ್ಲ, ಕಂಬದೊಳಗೆ ಏಣಿ, 80 ಮೀಟರ್.) ಎಷ್ಟು ಹೊತ್ತು ಬೇಕು? (ಅಭ್ಯಾಸ ಇದ್ದವರಿಗೆ ಇಪ್ಪತ್ತು ನಿಮಿಷ.) ಮೇಲಿರೋ ಡಬ್ಬಿಯೊಳಗೆ ಏನೈತೆ? ಬಿದ್ದರೆ?

"ಬೀಳಲ್ಲ. ಸೊಂಟಕ್ಕೆ ಬೆಲ್ಟು, ಬೆಲ್ಟಿಂದ ಹಗ್ಗ, ಹಗ್ಗಕ್ಕೆ ಕೊಕ್ಕೆ. ಮೊದಲನೇ ಸಲ ಹತ್ತಿದಾಗ ಅರ್ಧಕ್ಕೆ ಕಾಲು ನಡುಗಿ, ಏಣಿ ತಬ್ಕೊಂಡು ನಿಂತ್ಬಿಟ್ಟಿದ್ದೆ. ಕೆಳಗಿಂದ ಸೀನಿಯರ್ರು ಬೈಲಿಲ್ಲ. 'ನಿಧಾನಕ್ಕೆ ಉಸಿರು ತಗೋ, ಟೈಮೈತೆ' ಅಂದ್ರು. ಈಗ ನಾನೂ ಹೊಸ ಹುಡುಗರಿಗೆ ಅದೇ ಹೇಳೋದು."

ಆಮೇಲೆ ಅವನು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಎಲ್ಲಾ ಕಿಟಕಿ ಹತ್ರ ಬರ್ರಿ. ಫ್ಯಾನು ಸ್ಲೋ ತಿರುಗ್ತೈತಾ, ಜೋರಾ?" ಅಂತ ಕೇಳಿದ. "ಸ್ಲೋ ಸಾರ್!" ಅಂದರು. ಮೇಷ್ಟ್ರ ಕೈಗಡಿಯಾರ ಇಸ್ಕೊಂಡು ಒಂದು ನಿಮಿಷ ಎಣಿಸಿ ಅಂದ. ಒಬ್ಬರು 14 ಅಂದರು, ಒಬ್ಬರು 16. ಜಗಳ ಆಗಿ 15ಕ್ಕೆ ಒಪ್ಪಿಕೊಂಡರು. "ಒಂದು ರೆಕ್ಕೆ ಉದ್ದ 40 ಮೀಟರ್. ರೆಕ್ಕೆ ತುದಿ ಒಂದು ಸುತ್ತಿಗೆ ಎಷ್ಟು ದೂರ ಹೋಗ್ತೈತೆ? ನೀವೇ ಲೆಕ್ಕ ಹಾಕ್ರಿ. ನಾನು ಗಣಿತ ಫೇಲು."

ವೃತ್ತದ ಪರಿಧಿ. ಎರಡು ಪೈ ಆರ್. ಹುಡುಗರು ನೋಟ್‌ಬುಕ್ಕಿನ ಕೊನೇ ಪುಟ ತೆರೆದರು. ಒಂದು ಸುತ್ತಿಗೆ 251 ಮೀಟರ್. ನಿಮಿಷಕ್ಕೆ 15 ಸುತ್ತು, ಗಂಟೆಗೆ 60 ನಿಮಿಷ. ಮೊದಲು ಉತ್ತರ ತೆಗೆದ ಹುಡುಗಿ ಅದನ್ನು ನಂಬದೆ ಮತ್ತೆ ಮೊದಲಿಂದ ಗುಣಿಸಿದಳು. ಆಮೇಲೆ ಅನುಮಾನದಲ್ಲೇ ಹೇಳಿದಳು. "ಗಂಟೆಗೆ 226 ಕಿಲೋಮೀಟರ್ ಬರ್ತೈತೆ ಸಾರ್. ತಪ್ಪಾಗೈತೆ ಅನ್ಸುತ್ತೆ."

"ತಪ್ಪಾಗಿಲ್ಲ" ಅಂದ ಗೆಳೆಯ.

ಎಂಬತ್ತು ಮಕ್ಕಳು ಒಮ್ಮೆಗೇ ಕಿಟಕಿ ಕಡೆ ತಿರುಗಿದರು. ಹುಟ್ಟಿದಾಗಿಂದ ದಿನಾ ನೋಡಿದ್ದ ಫ್ಯಾನನ್ನು ಬಾಯಿ ತೆರೆದು ನೋಡಿದರು. ನಾನೂ ನೋಡಿದೆ.

ಬಿಸಿಯೂಟಕ್ಕೆ ಮುಂಚೆ ಆ ಲೆಕ್ಕದ ಹುಡುಗಿ ಮತ್ತೆ ಎದ್ದಳು. "ಸಾರ್, ಹುಡುಗೀರು ಹತ್ತಬಹುದಾ?"

ಗೆಳೆಯ ಒಂದು ಕ್ಷಣ ಯೋಚಿಸಿದ. "ಏಣಿಗೇನು ಗೊತ್ತಾಗ್ತೈತಮ್ಮ ಯಾರು ಹತ್ತಿದ್ರು ಅಂತ. ಆದ್ರೆ ಸುಳ್ಳು ಹೇಳಲ್ಲ, ನಮ್ಮ ಸೈಟಲ್ಲಿ ಇಲ್ಲೀವರೆಗೂ ಹುಡುಗೀರು ಯಾರೂ ಬಂದಿಲ್ಲ."

ಅವಳು ಕೂರಲಿಲ್ಲ. ಈಗ ನನ್ನ ಕಡೆ ತಿರುಗಿದಳು. "ಅಕ್ಕಾ, ನಿಮ್ಮನ್ನ ಮನೇಲಿ ಹೆಂಗೆ ಕಳಿಸಿದ್ರು?"

ಅಷ್ಟೊತ್ತೂ ಮೇಡಂ ಆಗಿದ್ದವಳು ಅಕ್ಕ ಆಗಿದ್ದೆ. 23 ಸ್ಲೈಡಿನಲ್ಲಿ ಎಲ್ಲೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಎರಡನೇ ಸ್ಲೈಡಿನಲ್ಲಿ 'ಹಳ್ಳಿ', ನಾಲ್ಕನೇ ಸ್ಲೈಡಿನಲ್ಲಿ 'ಇಂಜಿನಿಯರಿಂಗ್ ಕಾಲೇಜು'. ನಡುವೆ ನಡೆದದ್ದನ್ನೆಲ್ಲ ನಾನೇ ಅಳಿಸಿಬಿಟ್ಟಿದ್ದೆ. ಬೇಕಂತಲೇ ಅಲ್ಲ. ಆಫೀಸಿನಲ್ಲಿ ಯಾರೂ ಅದನ್ನು ಕೇಳಲ್ಲ ನೋಡಿ, ಹೇಳಿ ಅಭ್ಯಾಸವೇ ಇಲ್ಲ.

ಮೇಷ್ಟ್ರು ಪಕ್ಕದಲ್ಲಿದ್ದರು. ಅವರ ಎದುರು ಸುಳ್ಳು ಹೇಳೋಕಾಗಲ್ಲ, ಯಾಕಂದರೆ ಆ ಕತೆಯಲ್ಲಿ ಅವರೂ ಇದ್ದರು.

ಹೇಳಿದೆ. ಅಪ್ಪ ಹತ್ತನೇ ಕ್ಲಾಸ್ ಸಾಕು ಅಂದಿದ್ದರು. ಹದಿನೆಂಟು ತುಂಬೋವರೆಗೆ ಮನೆಯಲ್ಲಿರಲಿ, ಆಮೇಲೆ ಸೋದರಮಾವನಿಗೆ ಕೊಡೋದು ಅಂತ ಮಾತಾಗಿತ್ತು. ರಿಸಲ್ಟ್ ಬಂದ ವಾರ ಮೇಷ್ಟ್ರು ಎರಡು ಸಂಜೆ ನಮ್ಮನೆ ಜಗಲಿ ಮೇಲೆ ಬಂದು ಕೂತಿದ್ದರು. ಮೊದಲನೇ ಸಂಜೆ ಓದಿನ ವಿಷಯವೇ ತೆಗೆಯಲಿಲ್ಲ, ತೆಂಗಿನ ರೇಟು ಮಾತಾಡಿ ಕಾಫಿ ಕುಡಿದು ಹೋದರು. ಎರಡನೇ ಸಂಜೆ ಅಪ್ಪನೇ ಕೇಳಿದರು, "ಏನ್ ಮಾಡಣ ಮೇಷ್ಟ್ರೇ ಇವಳ್ನ?" ಅಂತ. ಅಪ್ಪ ಹೂಂ ಅನ್ನಲಿಲ್ಲ. "ಒಂದು ವರ್ಷ ನೋಡಣ" ಅಂದರು. ಅಮ್ಮ ಸ್ತ್ರೀಶಕ್ತಿ ಸಂಘದಿಂದ 8,000 ರೂಪಾಯಿ ಸಾಲ ತಂದಳು. ಅದರಲ್ಲಿ ಪುಸ್ತಕ, ಬಸ್ ಪಾಸ್, ಎರಡು ಜೊತೆ ಬಟ್ಟೆ, ಟ್ಯೂಷನ್.

ಮತ್ತೆ ಆ ಒಂದು ವರ್ಷ. ಕನ್ನಡ ಮೀಡಿಯಂನಿಂದ ಹೋಗಿ ಪಿಯು ಸೈನ್ಸ್ ಕ್ಲಾಸಿನಲ್ಲಿ ಕೂತರೆ ಒಂದಕ್ಷರ ತಲೆಗೆ ಹತ್ತಲಿಲ್ಲ. 'ವೇಗೋತ್ಕರ್ಷ' ಅಂತ ಕಲಿತಿದ್ದೆ, ಅಲ್ಲಿ ಲೆಕ್ಚರರ್ರು 'ಆಕ್ಸಿಲರೇಷನ್' ಅಂದರೆ ಅದೇ ಇದು ಅಂತ ತಿಳಿಯೋಕೆ ಎರಡು ವಾರ ಹಿಡಿಯಿತು. ಅರ್ಧವಾರ್ಷಿಕದಲ್ಲಿ ಫಿಸಿಕ್ಸ್ 11 ಮಾರ್ಕ್ಸ್. ಆ ಪೇಪರನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಅಮ್ಮನಿಗೆ ಸಿಕ್ಕಿತು. ಓದೋಕೆ ಬರದಿದ್ದರೂ ಅಂಕಿ ಗೊತ್ತಾಗುತ್ತಲ್ಲ. ಅಪ್ಪನಿಗೆ ಹೇಳಲಿಲ್ಲ. ವಾಪಸ್ ಅಲ್ಲೇ ಇಟ್ಟಳು.

ಇಷ್ಟು ಹೇಳಿದಾಗ ನನ್ನ ಗಂಟಲು ಕಟ್ಟಿತು, ಸ್ವಲ್ಪ ನೀರು ಕುಡಿದೆ. ಹಾಲಿನಲ್ಲಿ ಈಗಲೂ ಸದ್ದಿಲ್ಲ, ಆದರೆ ಅದು ಮೊದಲಿನ ಮರ್ಯಾದೆಯ ಸದ್ದಿಲ್ಲದಿರುವಿಕೆ ಅಲ್ಲ.

ಆಮೇಲೆ ಬೋರ್ಡಿಗೆ ಹೋದೆ. ಎಲ್ಲರೂ ಕೇಳಿದ್ದು ಲೆಕ್ಕವನ್ನೇ. ಮೇಷ್ಟ್ರು ನಡುನಡುವೆ ತಿದ್ದುತ್ತಿದ್ದರು, ಯಾಕಂದರೆ ನಮ್ಮ ಕಾಲಕ್ಕೂ ಈಗಕ್ಕೂ ಬದಲಾಗಿದೆ. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಒಂದರಲ್ಲಿ ಹೋದರೆ ಮುಗಿಯಿತು ಅಂತಲ್ಲ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ, ಗೆಳೆಯ ಮಾಡಿದ್ದು ಅದೇ. ಡಿಪ್ಲೊಮಾ ಮೂರು ವರ್ಷ, ಮುಗಿಸಿ ಡಿಸಿಇಟಿ ಬರೆದರೆ ಸೀದಾ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯು ಸೈನ್ಸ್ ಮಾಡಿ ಸಿಇಟಿ ಬರೆದರೆ, 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ. 5. ಇದು ಎಷ್ಟು ಜನಕ್ಕೆ ಗೊತ್ತು ಅಂದರೆ ಮೂರು ಕೈ ಎದ್ದವು. ಅದರಲ್ಲಿ ಒಂದು ಮೇಷ್ಟ್ರದು! ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಸ್ಕಾಲರ್‌ಶಿಪ್‌ಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅದು ನಾಡಕಚೇರಿಯಲ್ಲಿ ಸಿಗುತ್ತೆ, ಅಡ್ಮಿಷನ್ ಟೈಮಿನಲ್ಲಿ ಓಡಾಡೋ ಬದಲು ಈಗಲೇ ಮಾಡಿಸಿಡಿ. ಇಷ್ಟೂ ಹೇಳಿ ಮುಗಿಯೋ ಹೊತ್ತಿಗೆ ಅನ್ನ ಸಾಂಬಾರ್ ಆರಿತ್ತು. ಅಡುಗೆಯಮ್ಮ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಗ್ರೂಪ್ ಫೋಟೊ ತೆಗೆಯೋದು ಮರೆತೇ ಹೋಯಿತು. ಟೀಶರ್ಟ್ ಬ್ಯಾಗಿನಲ್ಲೇ ಉಳಿಯಿತು.

ವಾಪಸ್ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಇಂಥ ಒಂದು ಗಂಟೆಯಿಂದ ನಿಜವಾಗಲೂ ಏನಾದರೂ ಆಗುತ್ತಾ ಅಂತ ಫೋನಿನಲ್ಲಿ ಹುಡುಕಿದೆ. ಫ್ರಾನ್ಸಿನಲ್ಲಿ ಒಂದು ಅಧ್ಯಯನ ನಡೆದಿದೆ. 2015-16ರಲ್ಲಿ ಪ್ಯಾರಿಸ್ ಸುತ್ತಲಿನ ಹೈಸ್ಕೂಲುಗಳಿಗೆ ವಿಜ್ಞಾನ ಕ್ಷೇತ್ರದ ಮಹಿಳೆಯರು ಹೋಗಿ ಒಂದು ಗಂಟೆ ಮಾತಾಡುವ ಕಾರ್ಯಕ್ರಮವಿತ್ತು. ಅದರ ಫಲಿತಾಂಶವನ್ನು ಅರ್ಥಶಾಸ್ತ್ರಜ್ಞರು ಅಳೆದರು. ಹತ್ತನೇ ತರಗತಿಯವರ ಆಯ್ಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಹನ್ನೆರಡನೇ ತರಗತಿಯ, ಗಣಿತದಲ್ಲಿ ಚುರುಕಾಗಿದ್ದ ಹುಡುಗಿಯರಲ್ಲಿ ಕಠಿಣ ವಿಜ್ಞಾನ ಕೋರ್ಸುಗಳಿಗೆ ಸೇರಿದವರು ಹೆಚ್ಚಾದರು. ಇನ್ನೊಂದು ಸಂಗತಿ ಇತ್ತು. 'ಈ ಕ್ಷೇತ್ರದಲ್ಲಿ ಹೆಣ್ಣುಮಕ್ಕಳು ಕಡಿಮೆ' ಅಂತ ಒತ್ತಿ ಒತ್ತಿ ಹೇಳಿದವರಿಗಿಂತ ಕೆಲಸ ಹೇಗಿರುತ್ತೆ ಅಂತ ಹೇಳಿದವರ ಮಾತು ಹೆಚ್ಚು ನಾಟಿತ್ತು.

ಹತ್ತನೇ ತರಗತಿಯವರಿಗೆ ನಾಟಲಿಲ್ಲ ಅನ್ನೋದು ಓದಿ ಮೊದಲು ಸಪ್ಪಗಾದೆ. ಆಮೇಲೆ ಅನ್ನಿಸಿತು, ಅಲ್ಲಿ ಮನೆ ಬಿಟ್ಟು ಕಾಲೇಜಿಗೆ ಹೋಗುವ ತೀರ್ಮಾನ ಹನ್ನೆರಡಕ್ಕೆ. ನಮ್ಮೂರಲ್ಲಿ ಅದು ಹತ್ತಕ್ಕೇ. ಒಂದು ಗಂಟೆಯ ಮಾತು ಯಾರ ಬದುಕನ್ನೂ ಕಟ್ಟಿಕೊಡಲ್ಲ. ಬಾಗಿಲ ಹತ್ತಿರ ಬಂದು ನಿಂತವರಿಗೆ ಚಿಲಕ ಎಲ್ಲಿದೆ ಅಂತ ತೋರಿಸೋಕೆ ಮಾತ್ರ ಅಷ್ಟು ಹೊತ್ತು ಸಾಕಾಗಬಹುದು. ಇದು ನನ್ನ ಊಹೆ, ಅಧ್ಯಯನದ್ದಲ್ಲ.

ಸೋಮವಾರ ಎಚ್‌ಆರ್‌ಗೆ ಫೋಟೊ ಇಲ್ಲ ಅಂತ ಮೇಲ್ ಹಾಕಿದೆ. ಅವರಿಗೆ ಬೇಜಾರಾಯಿತು. ಮುಂದಿನ ಸಲ ಮೂರು ಜನರನ್ನು ಕಳಿಸೋಣ ಅಂತ ಅವರೇ ಅಂದಾಗ, ನಮ್ಮ ಆಫೀಸಿನವರೇ ಬೇಡ, ತಾಲೂಕು ಆಸ್ಪತ್ರೆಯ ನರ್ಸ್, ಸರ್ವೇಯರ್, ಕೆಎಂಎಫ್ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವವರು, ಇಂಥವರನ್ನು ಮೇಷ್ಟ್ರು ಹುಡುಕಿಕೊಡ್ತಾರೆ, ಅವರ ಆ ದಿನದ ಸಂಬಳ ಕಟ್ ಆದರೆ ನಾವು ಕೊಡೋಣ ಅಂದೆ. "ಅದಕ್ಕೆ ಪಾಲಿಸಿ ಇಲ್ಲ" ಅಂದರು. ಪಾಲಿಸಿ ಇನ್ನೂ ಬಂದಿಲ್ಲ. ಸದ್ಯಕ್ಕೆ ನಾನೂ ಪಕ್ಕದ ಡೆಸ್ಕಿನವಳೂ ಸೇರಿ ಕೊಡ್ತಿದ್ದೀವಿ. ನರ್ಸ್ ಸಿಸ್ಟರ್ ದುಡ್ಡು ತಗೊಳ್ಳಲಿಲ್ಲ, ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದರಂತೆ.

ಗೆಳೆಯ ಡಿಸೆಂಬರಿನಲ್ಲಿ, ಗಾಳಿ ಇಳಿದ ಮೇಲೆ, ಸೈಟ್ ಇಂಜಿನಿಯರ್ ಹತ್ತಿರ ಪರ್ಮಿಷನ್ ತಗೊಂಡು ಇಪ್ಪತ್ತು ಮಕ್ಕಳನ್ನು ಫ್ಯಾನಿನ ಬುಡದವರೆಗೆ ಕರ್ಕೊಂಡು ಹೋಗಿದ್ದ. ಹತ್ತಿಸಲಿಲ್ಲ, ಬಾಗಿಲು ತೆಗೆದು ಒಳಗಿನ ಏಣಿ ಮಾತ್ರ ತೋರಿಸಿದ. ಫೋಟೊ ಕಳಿಸಿದ್ದ. ಎಲ್ಲರೂ ಕುತ್ತಿಗೆ ಎತ್ತಿ ಮೇಲೆ ನೋಡ್ತಿದ್ದಾರೆ, ಒಬ್ಬರ ಮುಖವೂ ಕಾಣಲ್ಲ.

ಆ ಲೆಕ್ಕದ ಹುಡುಗಿ ಮೇ ತಿಂಗಳಲ್ಲಿ, ರಿಸಲ್ಟ್ ಬಂದ ಮೇಲೆ, ಮೇಷ್ಟ್ರ ಫೋನಿಂದ ಕಾಲ್ ಮಾಡಿದಳು. ಪಾಸಾಗಿದ್ದಾಳೆ, ಗಣಿತದಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿದೆ. ಆದಾಯ ಪ್ರಮಾಣಪತ್ರ ಡಿಸೆಂಬರಿನಲ್ಲೇ ಮಾಡಿಸಿದ್ದಳಂತೆ. ಮನೆಯಲ್ಲಿ ಹಾಸ್ಟೆಲ್ ಬೇಡ ಅಂದಿದ್ದಾರೆ. ಬೇಕಾದರೆ ಹೊಸದುರ್ಗಕ್ಕೆ ಬಸ್ಸಲ್ಲಿ ಹೋಗಿ ಬರಲಿ, ಕತ್ತಲಾಗೋದರೊಳಗೆ ಮನೆಯಲ್ಲಿರಬೇಕು ಅಂದಿದ್ದಾರೆ. "ಒಂದು ವರ್ಷ ನೋಡಣ ಅಂದ್ರು ಅಕ್ಕಾ" ಅಂದಳು. ನಾನು ಏನೂ ಹೇಳಲಿಲ್ಲ. ಅವಳೂ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಇಬ್ಬರೂ ನಕ್ಕೆವು.

ಕೊನೆಗೆ, ಸಂಜೆ ವಾಪಸ್ ಬರೋ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದಳು. ನಾನು ಹೋಗ್ತಿದ್ದಾಗ ಐದೂಕಾಲಕ್ಕೆ ಒಂದಿತ್ತು. ಈಗ ಗೊತ್ತಿಲ್ಲ. ಗೆಳೆಯನಿಗೆ ಫೋನ್ ಮಾಡಿ ಕೇಳಬೇಕು.